ಕರಿಕಂಬಳಿಯ ಎರಡನೇ ಗಂಟು

ಹೊಸದುರ್ಗದ ಹತ್ತಿರದ ನಮ್ಮೂರಿನಲ್ಲಿ, ಪಕ್ಕದ ಮನೆಯ ಅಜ್ಜಿಯ ನಡುಮನೆಯಲ್ಲಿ ಅಂದು ಬೆಳಿಗ್ಗೆ ಇದ್ದವರು ಮೂವರೇ: ಅಜ್ಜಿ, ಹಿರಿಯೂರಿನ ಗಂಡನ ಮನೆಗೆ ಹೊರಟು ನಿಂತಿದ್ದ ಅವಳ ಮೊಮ್ಮಗಳು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ನಾನು. ದೇವರ ಮುಂದೆ ಗದ್ದಿಗೆಯಾಗಿ ಕರಿಕಂಬಳಿ ಹಾಸಿತ್ತು. ಅಜ್ಜಿಯ ತೀರಿಹೋದ ಗಂಡ ನೇಯ್ದ ಕೊನೆಯ ಕಂಬಳಿ ಅದು. ಪೂಜೆ ಮುಗಿದ ಕೂಡಲೇ ಮಡಿಸಿ ಮೊಮ್ಮಗಳ ಮಡಿಲಿಗೆ ಹಾಕಬೇಕು. ಹಿರಿಯೂರಿನ ಮನೆದೇವರ ಮುಂದೆ ಹಾಸುವವರೆಗೂ ಬಿಚ್ಚುವಂತಿಲ್ಲ. ಅವರ ಮನೆಯ ಪದ್ಧತಿ ಹಾಗೆ.

“ಅದರಾಗೆ ಒಂದು ಗಂಟು ಐತೆ ಕಣಪ್ಪ,” ಎಂದಳು ಅಜ್ಜಿ. “ಜ್ವರದಾಗೆ ಕೈ ನಡುಗಿ ನೂಲು ಹರೀತು. ಜನ್ಮದಾಗೆ ಅವರ ನೇಯ್ಗೇಲಿ ಗಂಟು ಬಿದ್ದಿದ್ದು ಅದೊಂದೇ. ಕಂಬಳಿ ಹೋಗ್ಲಿ, ಆ ಗಂಟು ಫೋಟೋದಾಗಾದ್ರೂ ನನಗೆ ಬೇಕು.”

“ಹಂಗಾರೆ ಬಿಸಿಲಿಗೆ ತರಾಣ ಅಜ್ಜಿ.”

“ಗದ್ದಿಗೆ ಎಬ್ಬಿಸ್ತಾರೇನೋ?”

“ಫ್ಲ್ಯಾಶ್ ಹಾಕ್ಲಾ?”

“ದೇವರ ಮುಖಕ್ಕೆ ಮಿಂಚು ಹೊಡೀತೀಯಾ? ನಿನ್ನ ಮುಖಕ್ಕೆ ಹೊಡ್ಕ!”

ಮೊಮ್ಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕಿಟಕಿಯಿಲ್ಲದ ಕೋಣೆ, ಎರಡು ಹಣತೆ, ಕಪ್ಪು ಉಣ್ಣೆ. ಟ್ರೈಪಾಡ್ ತಂದಿರಲಿಲ್ಲ. ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಅಳತೆ, ಐಎಸ್ಒ, ಏರಿಸದೆ ಗತಿಯಿಲ್ಲ. ಚೂರು ಬೆಳಕನ್ನು ಕ್ಯಾಮೆರಾ ಹಿಗ್ಗಿಸುವಾಗ ನಾಯ್ಸ್ ಎಂಬ ಸುಳ್ಳು ಚುಕ್ಕೆಗಳೂ ಹಿಗ್ಗುತ್ತವೆ. ಕಂಬಳಿಯ ಮೇಲೆಲ್ಲ ಯಾರೋ ಬಣ್ಣ ಕಲೆಸಿದ ರವೆ ತೂರಿದಂತೆ ಚುಕ್ಕೆಗಳು. ಇರಲಿ ಎಂದು ಕೈಯಲ್ಲೇ ಹಿಡಿದು ಒಂದರ ಹಿಂದೊಂದು ಹದಿನಾರು ಚಿತ್ರ ತೆಗೆದೆ. ಕಂಬಳಿ ಮಡಿಲು ಸೇರಿತು, ಬಸ್ಸು ಹೊರಟಿತು.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಒಂದು ಚಿತ್ರದ ಚುಕ್ಕೆಗಳನ್ನೆಲ್ಲ ಒರೆಸಿ, ನುಣ್ಣಗೆ ಮಾಡಿ ಅಜ್ಜಿಗೆ ತೋರಿಸಿದೆ.

“ಇದೇನ್ಲೇ, ಬೋಳಿಸಿದ ಎಮ್ಮೆ ಬೆನ್ನು? ಉಣ್ಣೆ ಎಲ್ಲಿ? ನಮ್ಮ ಯಜಮಾನರ ಗಂಟೆಲ್ಲಿ?”

ಚುಕ್ಕೆಯ ಜೊತೆ ನೂಲನ್ನೂ ಒರೆಸಿಬಿಟ್ಟಿದ್ದೆ.

ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಈ ಸಲ ಹದಿನಾರನ್ನೂ ಒಂದರ ಮೇಲೊಂದು ಎಳೆಗೆ ಎಳೆ ಹೊಂದುವಂತೆ ಕೂರಿಸಿ ಸರಾಸರಿ ತೆಗೆದೆ. ಚುಕ್ಕೆಗಳು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬಿದ್ದಿರುತ್ತವೆ. ನೂಲು ಮಾತ್ರ ಹದಿನಾರರಲ್ಲೂ ತನ್ನ ಜಾಗದಲ್ಲೇ ಇರುತ್ತದೆ. ರವೆ ಕರಗುತ್ತಾ ಹೋಯಿತು. ಅದರಡಿಯಿಂದ ಎಳೆ ಎಳೆಯಾಗಿ ಕಂಬಳಿ ಎದ್ದು ಬಂತು. ನನ್ನ ಕಣ್ಣಿಗೇ ಬರೀ ಕತ್ತಲೆಯಾಗಿ ಕಂಡಿದ್ದರೊಳಗೆ ಇಷ್ಟೆಲ್ಲ ಇತ್ತೇ ಎಂದು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಗಂಟು ಇತ್ತು. ಅದರಿಂದ ಗೇಣು ದೂರದಲ್ಲಿ, ಎಳ್ಳಿನಷ್ಟು, ಇನ್ನೊಂದೂ ಇತ್ತು.

“ಅದು ಗಂಟಲ್ಲ,” ಎಂದಳು ಅಜ್ಜಿ. “ಎರಡಾಗಿದ್ರೆ ನನ್ನ ಕೂಡ ಹೇಳ್ತಿರಲಿಲ್ವಾ?”

ಅಳಿಯದೆ ಉಳಿದ ನಾಯ್ಸ್ ಇರಬಹುದು ಎಂದೆ. ಎಂದೆನೇ ಹೊರತು ನಂಬಲಾಗಲಿಲ್ಲ. ಅಲುಗಾಡುವ ಕೈಯಲ್ಲಿ ಹಿಡಿದ ಕ್ಯಾಮೆರಾ. ಹದಿನಾರು ಸಲವೂ ಚುಕ್ಕೆ ಅದೇ ನೂಲಿನ ಮೇಲೆ ಹೇಗೆ ಬೀಳುತ್ತದೆ? ಹಾಸಿದ ದಿನ ಮುಟ್ಟಿ ನೋಡು ಎಂದು ಅಜ್ಜಿ ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದಳು.

ಸೋಮವಾರ ಹಿರಿಯೂರಿನಲ್ಲಿ ಪೂಜೆಯಾಯಿತು. ನಾನು ಅಜ್ಜಿಯ ಮನೆಯಲ್ಲಿದ್ದಾಗಲೇ ಮೊಮ್ಮಗಳ ಫೋನು ಬಂತು.

“ಐತಜ್ಜಿ, ಇನ್ನೊಂದೂ ಐತೆ. ಬೆರಳಿಗೆ ಸಿಕ್ತು. ತುದಿ ಕಾಣದಂಗೆ ಉಣ್ಣೆಯೊಳಗೆ ತುರುಕವ್ರೆ.”

ಅಜ್ಜಿ ಫೋನು ನನ್ನ ಕೈಗೆ ಕೊಟ್ಟು, ಮೂಲೆಯಲ್ಲಿ ಖಾಲಿ ಬಿದ್ದಿದ್ದ ಗಂಡನ ಮಗ್ಗದ ಕಡೆ ನೋಡಿದಳು.

“ಗೇಣು ನೇಯ್ದು ಮಾರನೇ ದಿನಾನೂ ಕೈ ನಡುಗೈತೆ. ಜ್ವರ ಒಂದೇ ದಿನಕ್ಕೆ ಬಿಡ್ತು ಅಂದಿದ್ರು ನನಗೆ,” ಎಂದಳು.