ಒಡಪಿನಲ್ಲಿ ಬಂದ ಹೆಸರು

"ಈ ಫೋಟೊದಾಗ ಹಾರ್ಮೋನಿಯಂ ಪೇಟಿ ಮುಂದ ಕುಂತವರು ಯಾರ್ರಿ, ಅವ್ವಾ?" ಎಂದು ನಾನು ಕೇಳಿದ ಕೂಡಲೇ ಗೊಬ್ಬೂರಿನ ಆ ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅದು ಅವರ ತೀರಿಹೋದ ಗಂಡ. ಗಂಡನ ಹೆಸರನ್ನು ಅವರು ಎಂದೂ ನೇರವಾಗಿ ಹೇಳಿದವರಲ್ಲ.

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಡಿಜಿಟಲ್ ಸಂಗ್ರಹಕ್ಕಾಗಿ ಹಳ್ಳಿಯ ಹಳೆಯ ನಾಟಕಗಳ ಫೋಟೊ ಸ್ಕ್ಯಾನ್ ಮಾಡಲು ಹೋಗಿದ್ದೆ. ಹೆಸರು ಸಿಗದಿದ್ದರೆ ಆ ಮನುಷ್ಯ ಅಲ್ಲಿ ಬರೀ 'ಕಲಾವಿದ' ಆಗಿ ಉಳಿದುಬಿಡುತ್ತಾನೆ. ಪಕ್ಕದಲ್ಲಿದ್ದ ಅಜ್ಜಿಯ ಮಗಳು ಹೇಳಲು ಬಾಯಿ ತೆರೆದಳು. ಅಜ್ಜಿ ತಡೆದರು.

"ನೀ ಸುಮ್ನಿರು ಬೇ. ನಾನೇ ಹೇಳ್ತೇನಿ."

ನಾನು ರೆಕಾರ್ಡರ್ ಹಚ್ಚಿದೆ. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಮದುವೆಯಲ್ಲಿ ಹೊಸ ಮದುಮಗಳು ಹೇಳುವ ಹಾಗೆ ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಒಡಪು ಹೇಳಿದರು:

"ಭೀಮಾ ಹೊಳಿಗಿ ಬಂದದ ಹೊಸ ನೀರು,
ಶರಣಪ್ಪನ ಪೇಟಿಗಿ ಹೌದೌದಂದದ ಊರು."

ನಮ್ಮ ಸಂಗ್ರಹದ ಉಳಿದ ಫೋಟೊಗಳ ಕೆಳಗೆಲ್ಲ ಹೆಸರನ್ನು ನಾವೇ ಟೈಪ್ ಮಾಡಿದ್ದೇವೆ. ಶರಣಪ್ಪನವರ ಫೋಟೊದ ಕೆಳಗೆ ಮಾತ್ರ ಆ ಒಡಪಿನ ಧ್ವನಿಮುದ್ರಣ ಇದೆ; ಅವರ ಹೆಸರನ್ನು ಹೆಂಡತಿಯ ಬಾಯಿಂದಲೇ ಕೇಳಬೇಕು. ಗ್ರಂಥಾಲಯಕ್ಕೆ ಎಂಥ ದೊಡ್ಡವರು ಬಂದರೂ ನಾನು ಮೊದಲು ಕೇಳಿಸುವುದು ಅದನ್ನೇ.