ಗೇಣಕ್ಕ ನೆಲಕ್ಕೆ ಮಲಗಿದ ದಿನ

ಮನೆಯಲ್ಲಿ ಅವಳಿಗೆ ಗೇಣಕ್ಕ ಎಂದೇ ಹೆಸರು. ಇಬ್ಬರು ತಮ್ಮಂದಿರು, ಒಬ್ಬ ತಂಗಿ. ಅಕ್ಕ ಎಂಬ ಗೌರವಕ್ಕೆ ಗೇಣು ಎಂಬ ಕೀಟಲೆಯನ್ನು ಅಂಟಿಸಿದವನು ದೊಡ್ಡ ತಮ್ಮ. ಚಿಕ್ಕ ವಯಸ್ಸಿಗೇ ಅವಳ ಬೆಳವಣಿಗೆ ನಿಂತುಹೋಗಿತ್ತು. ಅಪ್ಪ ಪ್ರತಿ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಉಳಿದವರ ಗೆರೆಗಳು ವರ್ಷವರ್ಷವೂ ಮೇಲೇರಿದವು. ಅವಳದು ಇದ್ದಲ್ಲೇ ಇದ್ದು ದಪ್ಪವಾಗುತ್ತ ಹೋಯಿತು. ಒಮ್ಮೆ ಬಂದ ನೆಂಟರೊಬ್ಬರು ಆ ದಪ್ಪ ಗೆರೆ ನೋಡಿ, “ಇದೇನು, ಗಡಿ ಗುರುತಾ?” ಎಂದು ನಕ್ಕರು. ಆಮೇಲೆ ಅವಳು ಚೌಕಟ್ಟಿಗೆ ಬೆನ್ನು ಕೊಡಲಿಲ್ಲ. ಅಪ್ಪನೂ ಒತ್ತಾಯ ಮಾಡಲಿಲ್ಲ.

ಓದು ಮುಗಿಸಿ ಶಾಲೆಯೊಂದರಲ್ಲಿ ಕೆಲಸ ಕೇಳಲು ಹೋದಾಗ ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿ, “ದೊಡ್ಡ ಕ್ಲಾಸಿಗೆ ಕಳಿಸಿದ್ರೆ ನಿಮ್ಮನ್ನ ಹುಡುಕಬೇಕಾಗುತ್ತಲ್ಲಮ್ಮ,” ಎಂದರು.

“ಹಾಗಾದ್ರೆ ಚಿಕ್ಕವರನ್ನೇ ಕೊಡಿ ಮೇಡಂ.”

ಐದು ವರ್ಷದ ಮಕ್ಕಳ ತರಗತಿ ಸಿಕ್ಕಿತು. ಅಲ್ಲಿ ಅವಳಿಗೆ ಅವಸರವಿರಲಿಲ್ಲ. ಅಳತೆಯ ಪಾಠವೆಂದರೆ ಸ್ಕೇಲನ್ನು ಹೊರಗೇ ತೆಗೆಯುತ್ತಿರಲಿಲ್ಲ. ಮೊದಲು ಎರಡು ಪೆನ್ಸಿಲು ಪಕ್ಕಪಕ್ಕ. ಎರಡರ ಬುಡವೂ ಒಂದೇ ಗೆರೆಗೆ ಕೂತಿರಬೇಕು. ಬುಡ ತಪ್ಪಿದರೆ ಮೋಟು ಪೆನ್ಸಿಲೂ ಗೆದ್ದುಬಿಡುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುವವರೆಗೆ ಕಾಯುತ್ತಿದ್ದಳು. ಆಮೇಲೆ ಗೇಣು. ಅವಳ ಮೇಜಿನ ಅಂಚಿನ ಮೇಲೆ ಪುಟ್ಟ ಕೈಗಳು ಕಂಬಳಿಹುಳುಗಳಂತೆ ಹರಿಯುತ್ತಿದ್ದವು.

“ಮಿಸ್, ನಿಮ್ಮ ಕೈಗೆ ಆರು ಬಂತು, ನನ್ನ ಕೈಗೆ ಒಂಬತ್ತು. ನಾನು ಅಳೆದಾಗ ಮೇಜು ಉದ್ದ ಆಗುತ್ತಾ?” ಎಂದು ಮಾತಿನಮಲ್ಲನೊಬ್ಬ ಕೇಳಿದ.

“ನೀನೇ ಹೇಳಪ್ಪ.”

ಅವನು ತನ್ನ ಅಂಗೈಯನ್ನು ಅವಳ ಅಂಗೈಗೆ ಒತ್ತಿ ಬಹಳ ಹೊತ್ತು ನೋಡಿ, “ಮೇಜು ಸುಮ್ನೇ ಇದೆ. ಕೈಗಳೇ ಬೇರೆ,” ಎಂದ.

ಆ ವರ್ಷ ಗೋಡೆಗೆ ಅಂಟಿಸುವ ಎತ್ತರದ ಪಟ್ಟಿಯೊಂದು ಶಾಲೆಗೆ ಬಂತು. ಅದರುದ್ದಕ್ಕೂ ಜಿರಾಫೆಯ ಚಿತ್ರ. ಪ್ರತಿ ಮಗುವನ್ನೂ ಅದರ ಮುಂದೆ ನಿಲ್ಲಿಸಿ, ಗುರುತು ಹಾಕಿ, ಹೆಸರು ಬರೆಯಬೇಕಿತ್ತು. ಮಕ್ಕಳು ಕುಣಿದಾಡಿದರು. ಒಬ್ಬಳು ಮಾತ್ರ ಕಪಾಟಿನ ಸಂದಿಯಲ್ಲಿ ಹೋಗಿ ಕೂತಳು. ತರಗತಿಗೆಲ್ಲ ಗಿಡ್ಡಿಯಾದ ಅವಳನ್ನು ಎಲ್ಲರೂ ಕಾಳು ಎನ್ನುತ್ತಿದ್ದರು.

“ಬಾ ಪುಟ್ಟಿ, ನಿನ್ನ ಸರದಿ.”

“ನಾನು ಬರಲ್ಲ. ನಾನು ಜಿರಾಫೆ ಕಾಲಲ್ಲೇ ಇರ್ತೀನಿ.”

ಗೇಣಕ್ಕ ಸಮಾಧಾನಕ್ಕೆ ಸುಳ್ಳು ಹೇಳಬಹುದಿತ್ತು. ಅಂಥ ಸುಳ್ಳುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಹೇಳಲಿಲ್ಲ. ಜಿರಾಫೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟಳು.

ಮರುದಿನ ದಾರದ ಉಂಡೆ ತಂದಳು. ಮಕ್ಕಳನ್ನು ಒಬ್ಬೊಬ್ಬರಾಗಿ ನೆಲದ ಮೇಲೆ ಮಲಗಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ದಾರ ಹಿಡಿದು ಕತ್ತರಿಸಿ ಅವರವರ ಕೈಗೇ ಕೊಟ್ಟಳು. “ಇದು ನಿನ್ನ ಉದ್ದ. ಈ ಕೋಣೇಲಿ ನಿನ್ನಷ್ಟೇ ಇರೋದು ಏನಿದೆ, ಹುಡುಕು.”

ಕೋಣೆ ಸಂತೆಯಾಯಿತು. ಒಬ್ಬ ಬೆಂಚಿನಷ್ಟಿದ್ದ, ಇನ್ನೊಬ್ಬಳು ಕಿಟಕಿಗಿಂತ ಬೆರಳಷ್ಟು ಹೆಚ್ಚು. ಕಾಳು ಎಲ್ಲೆಡೆ ಸುತ್ತಿ ಬಂದು, “ಮಿಸ್, ನಾನು ನಿಮ್ಮ ಮೇಜಿನಷ್ಟು ಉದ್ದ!” ಎಂದು ಕೂಗಿದಳು. ಮರುಕ್ಷಣ ಪಕ್ಕದವನ ದಾರ ನೋಡಿ ಮುಖ ಸಣ್ಣದಾಯಿತು. “ಆದ್ರೂ ನಂದು ಚಿಕ್ಕದೇ ಅಲ್ವಾ?”

“ಹೌದು ಮರಿ, ಅವನದಕ್ಕಿಂತ ಚಿಕ್ಕದು. ಮೇಜಿಗೆ ಸಮ.”

ಕಾಳು ಎರಡನ್ನೂ ಯೋಚಿಸಿ, ಒಪ್ಪಿದವಳಂತೆ ತಲೆಯಾಡಿಸಿದಳು.

ಅಷ್ಟರಲ್ಲಿ ಮಾತಿನಮಲ್ಲ, “ಮಿಸ್ ಮಲಗಲೇ ಇಲ್ಲ!” ಎಂದ. ಉಳಿದವರೂ ದನಿಗೂಡಿಸಿದರು. ನೆವ ಹೇಳಲು ಬಾಯಿ ತೆರೆದ ಗೇಣಕ್ಕ, ಕಾಳು ತನ್ನನ್ನೇ ನೋಡುತ್ತಿರುವುದನ್ನು ಕಂಡು ಚಪ್ಪಲಿ ಬಿಟ್ಟು ನೆಲದ ಮೇಲೆ ಮಲಗಿದಳು. ಸಿಮೆಂಟು ತಣ್ಣಗಿತ್ತು. ಕಾಳು ತನ್ನ ದಾರವನ್ನೇ ಅವಳ ಹಿಮ್ಮಡಿಗೆ ಇಟ್ಟು ಎಳೆದಳು. ಅದು ಎದೆಯವರೆಗೆ ಬಂದು ಮುಗಿದುಹೋಯಿತು.

“ಸಾಲಲ್ಲ ಕಣ್ರೋ! ಇನ್ನೊಂದು ದಾರ ತನ್ನಿ!”

ಎರಡನೆಯದನ್ನು ಗಂಟು ಹಾಕಿದರು. “ಅಬ್ಬಾ, ಮಿಸ್ ಎಷ್ಟುದ್ದ ಇದಾರೆ!” ಎಂದು ಯಾರೋ ಉಸಿರೆಳೆದರು.

ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಗು ಬಂತು, ಕಣ್ಣೂ ತುಂಬಿತು. ಛಾವಣಿ ನೋಡುತ್ತ ಮಲಗಿಯೇ ಇದ್ದಳು. ಮನೆಯ ಚೌಕಟ್ಟಿನಲ್ಲಿ ತನ್ನ ಗೆರೆಯ ಪಕ್ಕ ತಮ್ಮಂದಿರ, ತಂಗಿಯ ಗೆರೆಗಳನ್ನು ಬಿಟ್ಟು ಬೇರೇನನ್ನೂ ಯಾರೂ ಇಟ್ಟು ನೋಡಿರಲಿಲ್ಲವಲ್ಲ ಎಂದು ಆಗ ಹೊಳೆಯಿತು.

ಜಿರಾಫೆ ಎಲ್ಲಿ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಾಗ, “ಇದೆ ಮೇಡಂ. ಪೊರಕೆ, ಛತ್ರಿ ಎಲ್ಲ ಅದರಲ್ಲೇ ಅಳೀತೀವಿ. ಮಕ್ಕಳ ಹೆಸರು ಮಾತ್ರ ಬರೆಯಲ್ಲ,” ಎಂದಳು. ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸರಿ, ನಿಮ್ಮ ಕ್ಲಾಸು, ನಿಮ್ಮಿಷ್ಟ,” ಎಂದರು.

ಆ ವಾರವೇ ಒಂದು ಸಂಜೆ ಕಾಳುವಿನ ತಾತ ಗೇಟಿನ ಬಳಿ ಅವಳನ್ನು ತಡೆದರು. “ಏನಮ್ಮ, ಇವಳು ಮನೆಮಂದಿನೆಲ್ಲ ನೆಲಕ್ಕೆ ಮಲಗಿಸಿಬಿಟ್ಟಿದಾಳೆ. ಯಾವಾಗ ಏಳಿಸ್ತೀರಿ?”

“ಮುಂದಿನ ವಾರ ತೂಕ ಶುರು ಮಾಡ್ತೀನಿ ಯಜಮಾನ್ರೇ.”

ತಾತ ತಮ್ಮ ಹೊಟ್ಟೆಯನ್ನೊಮ್ಮೆ ಸವರಿಕೊಂಡು, ಮೊಮ್ಮಗಳ ಕೈ ಹಿಡಿದು ಬಿರಬಿರನೆ ಹೊರಟರು.