ಅಂಚು ಹೊಲಿದ ಮೌಸ್ ಪ್ಯಾಡು

ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳ ಹಿಂಬದಿಗೆ, ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಒಂದು ಸಂದಿಯಲ್ಲಿ ಗುರುಬಸವನ ಫೋಟೋ ಅಂಗಡಿ ಇದೆ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬರುವವರು ಬರುತ್ತಾರೆ, ಹೋಗುತ್ತಾರೆ. ಗುರುಬಸವನ ಹೆಸರು ನಿಂತಿರುವುದು ಬೇರೆ ಕೆಲಸದ ಮೇಲೆ. ಅವನು ಸತ್ತವರ ಕಣ್ಣು ತೆರೆಸುತ್ತಾನೆ.

ಗೋಡೆಗೆ ಹಾಕುವಂಥ ಒಂದು ಫೋಟೋ ಇಲ್ಲದೆ ಹೋಗಿಬಿಡುವವರು ಈಗಲೂ ಇದ್ದಾರೆ. ಹೋದ ಮೇಲೆ ಮನೆಯವರಿಗೆ ನೆನಪಾಗುತ್ತದೆ. ಹಣೆಗೆ ವಿಭೂತಿ ಬಳಿದು, ಗಲ್ಲಕ್ಕೆ ಬಟ್ಟೆ ಕಟ್ಟಿ, ಗೋಡೆಗೆ ಒರಗಿಸಿ ಕೂರಿಸಿದಾಗ ಯಾರೋ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಹಿಡಿದುಕೊಂಡು ಓಡಿ ಬರುತ್ತಾರೆ. ಗುರುಬಸವ ಕಂಪ್ಯೂಟರಿನಲ್ಲಿ ಮೂಗಿನ ಹತ್ತಿ ತೆಗೆಯುತ್ತಾನೆ, ಗಲ್ಲದ ಬಟ್ಟೆ ಬಿಚ್ಚುತ್ತಾನೆ, ಕಡೆಗೆ ಕಣ್ಣು ತೆರೆಸುತ್ತಾನೆ. ಬೇರೆ ಯಾರದೋ ಕಣ್ಣು ತಂದು ಅಂಟಿಸಿ ಕೈ ತೊಳೆದುಕೊಳ್ಳುವವನಲ್ಲ ಅವನು. ಬಂದವರನ್ನು ಕೂರಿಸಿ ಕೇಳುತ್ತಾನೆ. ಮಾತಾಡುವಾಗ ಎದುರಿನವರ ಮುಖ ನೋಡುತ್ತಿದ್ದರೋ ನೆಲ ನೋಡುತ್ತಿದ್ದರೋ, ನಕ್ಕರೆ ಕಣ್ಣು ಸಣ್ಣದಾಗುತ್ತಿತ್ತೋ, ಸಿಟ್ಟಿನಲ್ಲಿ ಯಾವ ಹುಬ್ಬು ಮೇಲೆ ಹೋಗುತ್ತಿತ್ತು. ಅವರು ಹೇಳುತ್ತ ಹೇಳುತ್ತ ಅಳುತ್ತಾರೆ, ಅಳು ಮುಗಿಯುವ ತನಕ ಅವನು ಕಾಯುತ್ತಾನೆ. ಹಿಂದಿನ ಮೇಜಿನ ಮೇಲೆ ಗಾಜು ಕತ್ತರಿಸಿ ಚೌಕಟ್ಟು ಹಾಕುವ ಅವನ ಹೆಂಡತಿ ಬಸಲಿಂಗಮ್ಮ ಅದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಮೂವತ್ತು ವರ್ಷದಲ್ಲಿ ಆಕೆ ಎಷ್ಟು ಮನೆಗಳ ಸತ್ತವರನ್ನು ಬಲ್ಲಳೋ ಲೆಕ್ಕವಿಲ್ಲ.

ಗುರುಬಸವ ರಾಯಚೂರಿನಿಂದ ಬಂದಾಗ ಇಪ್ಪತ್ತರ ಹುಡುಗ. ಮೊದಲು ಚೂಪು ಪೆನ್ಸಿಲಿನಿಂದ ನೆಗೆಟಿವ್ ತಿದ್ದುವುದನ್ನು ಕಲಿತ. ಕಂಪ್ಯೂಟರ್ ಬಂದಾಗ, ಇದು ನನ್ನ ಹೊಟ್ಟೆಯ ಮೇಲೆ ಹೊಡೆಯಿತು ಎಂದು ಎಂಟು ದಿನ ಅನ್ನ ಬಿಟ್ಟ, ಒಂಬತ್ತನೆಯ ದಿನ ಮೌಸ್ ಹಿಡಿದ. ಆಮೇಲೆ ಅದು ಅವನ ಕೈಯ ಆರನೆಯ ಬೆರಳಾಯಿತು. ಕಣ್ಣಿನ ಕರಿ ಗುಡ್ಡೆಯ ಸುತ್ತ ಗೆರೆ ಎಳೆಯುವಾಗ ಅವನು ಉಸಿರು ಹಿಡಿಯುತ್ತಿದ್ದ, ಹಿಂದೆ ಬಸಲಿಂಗಮ್ಮನೂ ಗಾಜಿನ ಮೇಲಿಂದ ಕೈ ತೆಗೆಯುತ್ತಿದ್ದಳು. ಗೆರೆ ಒಂದೇ ಎಳೆತಕ್ಕೆ ಸುತ್ತಿ ಬಂದು ಕೂಡಿಕೊಂಡ ಮೇಲೆ ಇಬ್ಬರೂ ಉಸಿರು ಬಿಡುತ್ತಿದ್ದರು.

ಹೋದ ದೀಪಾವಳಿಯ ಹೊತ್ತಿಗೆ ಆ ಗೆರೆ ಎಗರತೊಡಗಿತು. ಪ್ಯಾಡು ಸವೆದಿದೆ ಎಂದ ಗುರುಬಸವ. ಸವೆದದ್ದು ಹೌದು, ಮಣಿಕಟ್ಟು ಊರುವ ಜಾಗದಲ್ಲಿ ಬಟ್ಟೆ ಎದ್ದು ಕೆಳಗಿನ ರಬ್ಬರು ಕಾಣುತ್ತಿತ್ತು. ಬಸಲಿಂಗಮ್ಮ ಕೋಠಿಯ ರಸ್ತೆ ಬದಿಯಿಂದ ಹೊಸದು ತಂದಳು. ನಾಲ್ಕು ದಿನ ಸುಮ್ಮನಿದ್ದ. ಆಮೇಲೆ ಇದು ಜಾರುತ್ತದೆ ಎಂದ. ಇನ್ನೊಂದು ತಂದಳು, ಅದು ಹಿಡಿಯುತ್ತದೆ ಎಂದ. ನಡುವೆ ಮೌಸನ್ನೂ ಒಮ್ಮೆ ಬದಲಿಸಿದ್ದಾಯಿತು.

ಮೂರನೆಯ ಪ್ಯಾಡು ತಂದ ವಾರ, ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಡುವಾಗ ಬಸಲಿಂಗಮ್ಮ ಅವನ ಬಲಗೈ ನೋಡಿದಳು. ಮೌಸಿಲ್ಲ, ಕೆಲಸವಿಲ್ಲ, ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಆದರೆ ಹೆಬ್ಬೆರಳೂ ತೋರುಬೆರಳೂ ಏನನ್ನೋ ಉಂಡೆ ಕಟ್ಟುವ ಹಾಗೆ ತಮ್ಮಷ್ಟಕ್ಕೆ ತಿಕ್ಕುತ್ತಿದ್ದವು. ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾವ ಅಮರೇಶಪ್ಪನಿಗೂ ಹೀಗೇ ಶುರುವಾದದ್ದು. ಕಡೆಯ ಆರು ವರ್ಷ ಕೈ ನಡುಗಿ ಆತನಿಗೆ ನೀರಿನ ಲೋಟ ಬಾಯಿಗೆ ಮುಟ್ಟುತ್ತಿರಲಿಲ್ಲ, ಈಕೆಯೇ ತುತ್ತು ಮಾಡಿ ಉಣಿಸಿದ್ದಳು. ಗುರುಬಸವ ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದ, ಬಟ್ಟೆ ತೊಡಿಸುತ್ತಿದ್ದ, ಆದರೆ ಅಪ್ಪನ ಕೈಯನ್ನು ಮಾತ್ರ ನೋಡುತ್ತಿರಲಿಲ್ಲ.

ಅಂದಿನಿಂದ ಬಸಲಿಂಗಮ್ಮ ಪ್ಯಾಡು ತರುವ ರೀತಿ ಬದಲಾಯಿತು. ಇದ್ದುದರಲ್ಲಿ ತೆಳ್ಳಗಿನದು, ಉಗುರು ತಾಗಿದರೆ ನೂಲು ಬಿಡುವಂಥದು, ಹದಿನೈದು ದಿನಕ್ಕೆ ಮೂಲೆ ಮುದುಡಿ ಏಳುವಂಥದು ಹುಡುಕಿ ತಂದಳು. ಒಮ್ಮೆ ಮಣಿಕಟ್ಟಿಗೆ ದಿಂಬು ಇರುವಂಥದು ತಂದಳು, ಬೇಸಿಗೆಗೆ ಆ ದಿಂಬು ಒಡೆದು ಅಂಟು ಸೋರಿತು. ಪ್ಯಾಡು ಕೆಟ್ಟದ್ದಿದ್ದಷ್ಟು ದಿನ ತಪ್ಪು ಪ್ಯಾಡಿನ ಮೇಲೆ ಇರುತ್ತದಲ್ಲ. ಹಾಗೆ ಏಳು ಪ್ಯಾಡುಗಳು ಚೌಕಟ್ಟಿನ ಮೇಜಿನ ಕೆಳಗೆ ಸೇರಿದವು.

“ಸೀರಿ ಆರಿಸಾಕ ಒಂದು ತಾಸು ನಿಂದರ್ತಿ. ಒಂದು ಅಂಗೈಯಗಲದ ಪ್ಯಾಡ್ ಆರಿಸಾಕ ಬರಂಗಿಲ್ಲ ನಿನಗ,” ಎಂದು ಗುರುಬಸವ ಬಯ್ಯುತ್ತಿದ್ದ.

“ನಾ ಏನ್ ಸಾಲಿ ಕಲ್ತಾಕಿ ಏನ್ರಿ? ಮುಂದಿನ ಸಲ ಛಲೋದು ತರ್ತೀನಿ,” ಅನ್ನುತ್ತಿದ್ದಳು ಬಸಲಿಂಗಮ್ಮ. ಬಯ್ಗುಳ ಬಿದ್ದ ದಿನ ಆಕೆಗೆ ಜೀವ ಹಗುರವಾಗಿರುತ್ತಿತ್ತು.

ಹೀಗೇ ಇನ್ನೆಷ್ಟು ದಿನ ನಡೆಯುತ್ತಿತ್ತೋ. ಅಷ್ಟರಲ್ಲಿ ಚಂದ್ರಕಾಂತ ಬಂದ.

ಚಂದ್ರಕಾಂತ ಬೇಗಂ ಬಜಾರಿನಲ್ಲಿ ಬೇಳೆಕಾಳಿನ ವ್ಯಾಪಾರಿ, ಬೀದರ ಕಡೆಯವನು. ಹಿಂದೆ ಅವನ ತಾಯಿಯ ಕಣ್ಣು ತೆರೆಸಿ ಕೊಟ್ಟದ್ದು ಗುರುಬಸವನೇ. ಈಗ ಅವನು ತಂದದ್ದು ಒಂದು ಕೂಸಿನ ಫೋಟೋ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳು, ದಿನ ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಆರು ದಿನ ಇದ್ದಳು. ಶರ್ವರಿ ಎಂದು ಹೆಸರಿಟ್ಟುಕೊಂಡಿದ್ದರು. ಫೋಟೋದಲ್ಲಿ ಮೂಗಿಗೆ ನಳಿಕೆ, ಕೆನ್ನೆಗೆ ಪಟ್ಟಿ, ಕಣ್ಣು ಮುಚ್ಚಿತ್ತು. ಹೆಂಡತಿ ಶುಭಾ ಹೊಟ್ಟೆ ಕೊಯ್ಸಿಕೊಂಡು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಜ್ವರದಲ್ಲಿ ಮಲಗಿದ್ದಳು. ಆಕೆಯನ್ನು ಗಾಲಿಕುರ್ಚಿಯಲ್ಲಿ ಕೆಳಗೆ ತಂದಾಗಲೆಲ್ಲ ಕೂಸು ನಿದ್ದೆಯಲ್ಲೇ ಇತ್ತು. ಕಣ್ಣು ತೆರೆದದ್ದು ಒಂದೇ ಸಲ, ನೋಡಿದವನು ತಂದೆ ಒಬ್ಬನೇ.

ಹೇಗೆ ನೋಡಿದಳು ಎಂದು ಗುರುಬಸವ ಕೇಳಿದ. ಚಂದ್ರಕಾಂತ ತಲೆ ಬಗ್ಗಿಸಿ, ಒಂದೊಂದೇ ಮಾತು ಎತ್ತಿಡುವ ಹಾಗೆ ಹೇಳಿದ. ಗುರುಬಸವನೂ ಬಸಲಿಂಗಮ್ಮನೂ ಕೇಳಿದರು. ಶುಭಾಗೆ ತೋರಿಸಬೇಕು, ಅಷ್ಟೇ ನನಗೆ ಬೇಕಾದದ್ದು ಎಂದು ಹೇಳಿ ಅವನು ಎದ್ದು ಹೋದ.

ಗುರುಬಸವ ನಾಲ್ಕು ದಿನ ಕೂತ. ನಳಿಕೆ ಹೋಯಿತು, ಪಟ್ಟಿ ಹೋಯಿತು, ಕೆನ್ನೆ ಸ್ವಚ್ಛವಾಯಿತು. ಕಣ್ಣು ಮಾತ್ರ ಕೂಡಲಿಲ್ಲ. ಸಾಸಿವೆಯಷ್ಟು ಜಾಗದಲ್ಲಿ ಗೆರೆ ಎಗರಿತು. ಅಳಿಸಿದ, ಎಳೆದ, ಅಳಿಸಿದ. ಕಡೆಗೆ ಸಾಕಾಗಿ ಕೊಟ್ಟ ಫೋಟೋದಲ್ಲಿ ಎಡಗಣ್ಣು ಬೇರೆಲ್ಲೋ ನೋಡುತ್ತಿತ್ತು. ಚಂದ್ರಕಾಂತ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇಷ್ಟಾದರೂ ಆಯಿತಲ್ಲ ಎಂದು ಹೇಳಿ ಮನೆಗೆ ಒಯ್ದ. ಮೂರು ದಿನಕ್ಕೆ ತಿರುಗಿ ಬಂದ. ತಪ್ಪು ಹೊರಿಸಲು ಬಂದವನಲ್ಲ. ಶುಭಾ ಫೋಟೋವನ್ನು ಬೋರಲು ಹಾಕಿ ಇಟ್ಟಿದ್ದಾಳೆ, ಎತ್ತಿ ಇಡಲು ಹೋದರೆ ಬೇಡ ಅನ್ನುತ್ತಾಳೆ, ಇನ್ನೊಮ್ಮೆ ಮಾಡಿ ನೋಡಲು ಆಗುತ್ತದೆಯೇ ಎಂದು ಮೆತ್ತಗೆ ಕೇಳಿದ.

ಅವನು ಹೋದ ಮೇಲೆ ಗುರುಬಸವ ಪ್ಯಾಡನ್ನು ಕಿತ್ತು ನೆಲಕ್ಕೆ ಹಾಕಿದ.

“ಈ ಊರಾಗ ಎಲ್ಲಾದಕ್ಕಿಂತ ಗಟ್ಟಿ ಪ್ಯಾಡ್ ಯಾವ್ದೈತಿ, ಅದನ್ನ ತಾ. ಕೂಸಿನ ಕಣ್ಣದು. ಇದರ ಮ್ಯಾಲೆ ಆಗಂಗಿಲ್ಲ.”

ಮರುದಿನ ಬೆಳಿಗ್ಗೆ ಬಸಲಿಂಗಮ್ಮ ಮೆಟ್ರೋ ಹತ್ತಿ ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿಗೆ ಹೋದಳು. ದಾರಿಯುದ್ದಕ್ಕೂ ಆಕೆಯ ಎದೆಯಲ್ಲಿ ಎರಡು ಮುಖಗಳು ಜಗ್ಗಾಡಿದವು. ಒಂದು ಗುರುಬಸವನದು, ಇನ್ನೊಂದು ತಾನು ಕಂಡೇ ಇಲ್ಲದ ಆ ತಾಯಿಯದು. ತೆಳ್ಳಗಿನದೇ ಒಯ್ದರೆ ಗಂಡನಿಗೆ ಇನ್ನೊಂದು ತಿಂಗಳು ನೆಪ ಸಿಗುತ್ತದೆ, ಆ ಕೂಸು ಇನ್ನೊಂದು ಸಲ ಕೆಡುತ್ತದೆ. ಗಟ್ಟಿಯದು ಒಯ್ದರೆ ನೆಪ ಮುಗಿಯುತ್ತದೆ.

ಅಂಗಡಿಯವನು ಮೊದಲು ದೀಪ ಹತ್ತುವಂಥದು, ಹುಲಿ ಚಿತ್ರದ್ದು, ಮೇಜಿನಗಲದ್ದು ತೋರಿಸಿದ. ಆಕೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿದಳು. ಬಟ್ಟೆ ನೋಡುವುದು ಆಕೆಗೆ ಯಾವಾಗಲೂ ಬರುತ್ತಿತ್ತು. ಎಂಟು ವರ್ಷದವಳಿದ್ದಾಗಿನಿಂದ ಕೌದಿ ಹೊಲಿದ ಕೈ ಅದು. ಉಗುರಿನಿಂದ ಗೀರಿ ನೂಲು ಏಳುತ್ತದೆಯೇ ನೋಡಿದಳು. ಸುರುಳಿ ಸುತ್ತಿ ಬಿಟ್ಟು, ತಾನೇ ಚಪ್ಪಟೆಯಾಗುತ್ತದೆಯೇ ನೋಡಿದಳು. ಗಾಜಿನ ಕಟ್ಟೆಯ ಮೇಲೆ ಒತ್ತಿ ಜಗ್ಗಿದಳು. ಬಾಟಲಿಯಿಂದ ಒಂದು ಹನಿ ನೀರು ಬಿಟ್ಟು, ಒಳಗೆ ಇಳಿಯುತ್ತದೋ ಮೇಲೆ ನಿಲ್ಲುತ್ತದೋ ಕಾದಳು. ಕಡೆಗೆ ಕಪ್ಪು ಬಣ್ಣದ ಒಂದು ಸಾದಾ ಪ್ಯಾಡು ಕೈಯಲ್ಲಿ ಉಳಿಯಿತು. ಒತ್ತಾದ ನೇಯ್ಗೆ, ಕೆಳಗೆ ದಪ್ಪ ರಬ್ಬರು, ನಾಲ್ಕೂ ಅಂಚಿಗೆ ಒಂದಕ್ಕೊಂದು ತಾಗುವ ಹಾಗೆ ಹೊಲಿಗೆ.

ಅಂಗಡಿಯವನು ಆಕೆಯನ್ನು ಗೌರವದಿಂದ ನೋಡಿ ಹಿಂದಿಯಲ್ಲಿ ಹೇಳಿದ. ಒಳ್ಳೆಯದನ್ನೇ ಹಿಡಿದಿದ್ದೀರಮ್ಮ, ತೊಳೆದು ಬಳಸಿದರೆ ಹತ್ತು ವರ್ಷ ಬರುತ್ತದೆ, ಇದರ ಮೇಲೆ ಮೌಸ್ ತಪ್ಪಿದರೆ ಪ್ಯಾಡಿನ ತಪ್ಪಲ್ಲ ಎಂದು ಬರೆದು ಕೊಡುತ್ತೇನೆ.

ಬಸಲಿಂಗಮ್ಮ ಅದನ್ನು ಕೆಳಗಿಟ್ಟಳು. ಪಕ್ಕದಲ್ಲಿದ್ದ ತೆಳ್ಳಗಿನದೊಂದನ್ನು ಎತ್ತಿಕೊಂಡಳು. ಅದನ್ನೂ ಇಟ್ಟಳು. ಹಿಂದೆ ನಿಂತವರು ಸರಿಯಿರಿ ಅನ್ನುವ ತನಕ ನಿಂತಿದ್ದು, ಕಪ್ಪನೆಯದನ್ನೇ ಕಟ್ಟಿಸಿಕೊಂಡು ಬಂದಳು. ತಿರುಗಿ ಬರುವಾಗ ಮೆಟ್ರೋದಲ್ಲಿ ಯಾರೋ ಎದ್ದು ಜಾಗ ಕೊಟ್ಟರೂ ಆಕೆ ಕೂರಲಿಲ್ಲ.

ಗುರುಬಸವ ಹೊಸ ಪ್ಯಾಡನ್ನು ಅಂಗೈಯಿಂದ ಸವರಿ, ಈ ಸಲ ಆರಿಸಿದೆ ನೋಡು ಎಂದು ಮೆಚ್ಚಿಕೊಂಡ. ಕೂಸಿನ ಮುಖ ತೆರೆದ. ಉಸಿರು ಹಿಡಿದ. ಹಿಂದೆ ಬಸಲಿಂಗಮ್ಮ ಗಾಜಿನಿಂದ ಕೈ ತೆಗೆದಳು. ಗೆರೆ ಅರ್ಧ ಸುತ್ತಿಗೆ ಎಗರಿತು. ಇನ್ನೊಮ್ಮೆ ಎಳೆದ. ಪ್ಯಾಡನ್ನು ತುಸು ತಿರುಗಿಸಿಟ್ಟು ಎಳೆದ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಮೇಜಿಗೆ ಅದುಮಿ ಹಿಡಿದು ಎಳೆದ. ಆಮೇಲೆ ಮೌಸ್ ಬಿಟ್ಟು ಕೈಯನ್ನು ಆ ಕಪ್ಪು ಬಟ್ಟೆಯ ಮೇಲೆ ಅಂಗಾತ ಇಟ್ಟು ನೋಡುತ್ತ ಕೂತ. ಬೆರಳುಗಳು ಉಂಡೆ ಕಟ್ಟುತ್ತಿದ್ದವು.

“ಪ್ಯಾಡ್ ಛಲೋ ಐತಿ,” ಎಂದ.

ಕುರ್ಚಿ ತಿರುಗಿಸಿ ಬಸಲಿಂಗಮ್ಮನನ್ನು ನೋಡಿದ.

“ನಿನಗ ಯಾವಾಗಿಂದ ಗೊತ್ತು?”

“ಮೂರನೇ ಪ್ಯಾಡ್ ತಂದಾಗಿಂದರಿ.”

ಅವನು ಮೇಜಿನ ಕೆಳಗಿನ ಹಳೆಯ ಪ್ಯಾಡುಗಳ ಕಡೆ ಒಮ್ಮೆ ನೋಡಿದ. ಬಯ್ಯುತ್ತಾನೆ ಎಂದು ಆಕೆ ಕಾದಳು. ಬಯ್ಯಲಿಲ್ಲ. ಫೋನು ತೆಗೆದು ಚಂದ್ರಕಾಂತನಿಗೆ ತಾನೇ ಹೇಳಿದ. ಕಣ್ಣು ತೆರೆಸಲು ನನ್ನ ಕೈಯಿಂದ ಆಗುವುದಿಲ್ಲ, ನಳಿಕೆ ಪಟ್ಟಿ ತೆಗೆದದ್ದು ಚೆನ್ನಾಗಿ ಬಂದಿದೆ, ಮಲಗಿದ ಹಾಗೆಯೇ ಒಂದು ಕೊಡುತ್ತೇನೆ, ಕಣ್ಣಿಗೆ ಬೇಕಾದರೆ ಬೇಗಂಪೇಟೆಯಲ್ಲಿ ಅಪೂರ್ವ ಅಂತ ಒಬ್ಬ ಹುಡುಗಿ ಇದ್ದಾಳೆ, ಕೈ ಚೆನ್ನಾಗಿದೆ. ಆ ಕಡೆಯಿಂದ ಚಂದ್ರಕಾಂತ, ಮಲಗಿದ್ದೇ ಇರಲಿ ಎಂದ.

ಫೋಟೋ ಒಯ್ಯಲು ಬಂದವಳು ಶುಭಾ. ಒಬ್ಬಳೇ ಬಂದಿದ್ದಳು, ಮೆಟ್ಟಿಲು ಹತ್ತುವಾಗ ಹೊಟ್ಟೆಯ ಮೇಲೆ ಕೈ ಹಿಡಿದುಕೊಂಡಿದ್ದಳು. ಬಸಲಿಂಗಮ್ಮ ಚೌಕಟ್ಟು ಹಾಕಿ ಗಾಜು ಒರೆಸಿ ಮುಂದಿಟ್ಟಳು. ಶುಭಾ ಅದನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಏಳಲಿಲ್ಲ. ಗುರುಬಸವನ ಕಡೆ ತಿರುಗಿದಳು.

“ಆಕಿ ಕಣ್ಣು ಹೆಂಗ ತೆಗೆದ್ಲಂತ ನಮ್ಮವರು ನಿಮ್ಮ ಮುಂದ ಹೇಳ್ಯಾರಂತಲ್ಲರಿ. ಮನ್ಯಾಗ ಕೇಳಿದ್ರ ಎದ್ದು ಹೊರಗ ಹೋಗಿಬಿಡ್ತಾರ. ನೀವು ಹೇಳ್ರಿ ನನಗ.”

ಗುರುಬಸವ ಕುರ್ಚಿಯನ್ನು ಆಕೆಯ ಎದುರಿಗೆ ಎಳೆದುಕೊಂಡ. ನಡುಗುವ ಕೈಯನ್ನು ತೊಡೆಯ ಮೇಲೆಯೇ ಬಿಟ್ಟುಕೊಂಡು ಹೇಳತೊಡಗಿದ. ನಾಲ್ಕನೆಯ ದಿನ ಬೆಳಿಗ್ಗೆ, ಪೆಟ್ಟಿಗೆಯ ರಂಧ್ರದಿಂದ ಅವರು ಬೆರಳು ಒಳಗೆ ಇಟ್ಟಾಗ. ಎರಡೂ ಒಟ್ಟಿಗೆ ತೆರೆಯಲಿಲ್ಲ, ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ, ಅದೂ ಅರ್ಧ. ತೊಳೆದ ನೇರಳೆಯಂಥ ಕಪ್ಪು. ಮೊದಲು ಮೇಲಿನ ದೀಪ ನೋಡಿದಳು. ಆಮೇಲೆ ನಿಧಾನಕ್ಕೆ ಅವರ ಕಡೆ ಕಣ್ಣು ತಿರುಗಿಸಿದಳು. ಹಣೆ ಸುಕ್ಕಾಯಿತು, ಯಾರು ನೀನು ಎಂದು ದೊಡ್ಡವರು ಕೇಳುವ ಹಾಗೆ. ಹತ್ತು ಎಣಿಸುವಷ್ಟು ಹೊತ್ತು ನೋಡಿದಳು. ಆಮೇಲೆ ಮುಚ್ಚಿದಳು, ಎಡಗಣ್ಣು ಮೊದಲು.

ಶುಭಾ ಗಾಜಿನ ಮೇಲೆ, ಆ ಎಡಗಣ್ಣಿರುವಲ್ಲಿ ಬೆರಳಿಟ್ಟಳು.

“ಇನ್ನೊಮ್ಮೆ ಹೇಳ್ರಿ,” ಎಂದಳು.

ಗುರುಬಸವ ಮೊದಲಿನಿಂದ ಹೇಳಿದ.